ಎರಡು ಸ್ಪೀಕರಿನ ನಡುವಿನ ಕುರ್ಚಿ

ನಂಜನಗೂಡು
11 ಜನವರಿ 1998

ಚಿಕ್ಕಸ್ವಾಮಿಗೆ,

ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದೀರೆಂದು ಕಲ್ಲಯ್ಯ ಮಾವನಿಂದ ತಿಳಿಯಿತು. ಆದ್ದರಿಂದ ಅದನ್ನು ಕೇಳುವ ಸಾಲು ಬಿಟ್ಟು ವಿಷಯಕ್ಕೆ ಬರುತ್ತೇನೆ. ಮಾವ ಕಣ್ಣು ತೋರಿಸಲು ಗುರುವಾರ ಇಲ್ಲಿಗೆ ಬಂದಿದ್ದರು. ಕಾಫಿ ಕುಡಿಯುತ್ತ, ಯಾರದೋ ಮನೆಯ ಸುದ್ದಿಯಂತೆ ಹೇಳಿದರು: “ನಿನ್ ತಮ್ಮ ನಿಮ್ಮಪ್ಪನ ಆ ಎರಡು ಪೆಟ್ಗೆ ಕೊಟ್ಬುಟ್ಟು ಮೈಸೂರಿಂದ ಎಲ್ಲಾ ಒಂದ್ರಲ್ಲೇ ಇರೋ ಸೆಟ್ಟು ತತ್ತಾನಂತೆ ಕಣವ್ವ. ಆಡ್ದಂಗೆಲ್ಲ ಲೈಟು ಮ್ಯಾಕ್ಕೂ ಕೆಳಕ್ಕೂ ಕುಣೀತದಂತೆ.” ಕುಣಿಯುವುದನ್ನು ಕೈಯಲ್ಲಿ ಮಾಡಿಯೂ ತೋರಿಸಿದರು.

ಆ ಎರಡು ಪೆಟ್ಟಿಗೆ ಅಂದರೆ ಅಪ್ಪನ ಸ್ಪೀಕರುಗಳು. ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಹಳೆಯ ಕುಕ್ಕರ್, ಹಳೆಯ ಮಿಕ್ಸಿ ಹಿಡಿದು ಎಕ್ಸ್‌ಚೇಂಜ್ ಮೇಳದ ಬಾಗಿಲಲ್ಲಿ ನಿಂತವರ ಸಾಲಿಗೆ ನೀನು ಈಗ ಅವರ ಸ್ಪೀಕರುಗಳನ್ನೂ ಸೇರಿಸುತ್ತೀಯ. ಬದಲಿಗೆ ಸಿಗುವುದೇನು? ಒಂದು ಪ್ಲಾಸ್ಟಿಕ್ ಡಬ್ಬ. ಅದರಲ್ಲೇ ರೇಡಿಯೋ, ಅದರಲ್ಲೇ ಎರಡು ಕ್ಯಾಸೆಟ್, ಅದರಲ್ಲೇ ಮೂರು ಸಿ.ಡಿ. ಎಲ್ಲ ಕೆಲಸವನ್ನೂ ಮಾಡುತ್ತೇನೆಂದು ಹೇಳಿ ಒಂದನ್ನೂ ನೆಟ್ಟಗೆ ಮಾಡದವರು ನಮ್ಮ ಶಾಲೆಯಲ್ಲೂ ಇದ್ದಾರೆ. ಅಂಥವರನ್ನು ನಾವು ಅಸಿಸ್ಟೆಂಟ್ ಹೆಡ್‌ಮಾಸ್ಟರ್ ಮಾಡುತ್ತೇವೆ.

ಇದಕ್ಕೆಲ್ಲ ಮೂಲ ಹೋದ ವರ್ಷದ ಪಾಲು. ಮನೆ, ಪಾತ್ರೆ, ಮಂಚ ಎಲ್ಲ ಮುಗಿದ ಮೇಲೆ ಮಾವ ಅಪ್ಪನ ಸೆಟ್ಟನ್ನು ಚಾಪೆಯ ಮೇಲೆ ಇಡಿಸಿದ್ದು ನಿನಗೆ ನೆನಪಿರಬೇಕು. “ಇದು ಬಿಡಿಬಿಡಿಯಾಗೇ ಅದೆ, ಒಡೀದಂಗೆ ಅಂಚ್ಬೋದು” ಎಂದು ಸಂತೋಷಪಟ್ಟರು. ಆಂಪ್ಲಿಫೈಯರೂ ರೆಕಾರ್ಡ್ ಪ್ಲೇಯರೂ ನನಗೆ, ಓದಿದವಳು ಎಂದು. ಸ್ಪೀಕರುಗಳು ಮೈಕ್‌ಸೆಟ್ ಬಾಡಿಗೆಗೆ ಕೊಡುವ ನಿನಗೆ, “ಬಾಯಿ ಇವನಿಗಿರ್ಲಿ” ಎಂದು. ಆಮೇಲೆ “ಇದ್ರಲ್ಲಿ ರೇಡಿಯೋ ಯಾವ್ದು?” ಎಂದು ಕೇಳಿದರು. ಯಾರ ಉತ್ತರಕ್ಕೂ ಕಾಯದೆ, ಗಾಜಿನ ಹಿಂದೆ ಮುಳ್ಳು ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ಟೇಪ್ ಡೆಕ್ಕನ್ನು ಎತ್ತಿ ಅಮ್ಮನ ಮುಂದೆ ಇಟ್ಟರು. ಎತ್ತು ಹಂಚುವವರು ಕೂಡ ಜೋಡಿ ಮುರಿಯುವುದಿಲ್ಲ. ಇದನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಹೇಳಿ ನಾನು ಎಷ್ಟು ಸಲ ನಗಿಸಿದ್ದೇನೋ ಲೆಕ್ಕವಿಲ್ಲ.

ಅಂದು ನಾನೇಕೆ ಬಾಯಿ ಬಿಡಲಿಲ್ಲ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಹಿರಿಯರಿಗೆ ಎದುರಾಡಬಾರದು ಎಂದಲ್ಲ. ವಿವರಿಸುವುದು ನನ್ನ ಮಟ್ಟಕ್ಕೆ ಕಡಿಮೆ ಅನಿಸಿತು. ಅದು ನನ್ನ ತಪ್ಪು. ಈಗ ವಿವರಿಸುತ್ತಿದ್ದೇನೆ: ಆಂಪ್ಲಿಫೈಯರಿಗೆ ಸ್ಪೀಕರ್ ಬೇಕು, ಸ್ಪೀಕರಿಗೆ ಆಂಪ್ಲಿಫೈಯರ್ ಬೇಕು. ನೀನು ಆ ಎರಡನ್ನೂ ನನಗೆ ಕಳಿಸಿದರೆ ಅಪ್ಪನ ಸೆಟ್ಟು ಇಲ್ಲಿ ಮತ್ತೆ ಪೂರ್ತಿಯಾಗುತ್ತದೆ. ಮೇಳ ಯುಗಾದಿಯವರೆಗೆ ಇದೆಯಂತೆ. ಅಷ್ಟರೊಳಗೆ ನಿನಗೆ ಬುದ್ಧಿ ಬರಲು ಸಮಯವಿದೆ.

ಫೋನ್ ಮಾಡಬೇಡ. ಬೂತಿನಲ್ಲಿ ಮೀಟರ್ ಓಡುತ್ತಿರುವಾಗ ಜಗಳ ಮಾಡಲು ನನಗೆ ಬರುವುದಿಲ್ಲ.

ಇಂದ್ರಾಣಿ


ಟಿ. ನರಸೀಪುರ
24-1-98

ಅಕ್ಕನಿಗೆ ಚಿಕ್ಕಸ್ವಾಮಿಯ ನಮಸ್ಕಾರ.

ನಿನ್ನ ಕಾಗದ ತಲುಪಿತು. ತಪ್ಪಿದ್ದ ಕಡೆ ನೀನು ಕೆಂಪು ಇಂಕಿನಲ್ಲಿ ಗೆರೆ ಎಳೆಯೋಕೆ ಅಂತ ಈ ಕಾಗದದ ಅಂಚಿನಲ್ಲಿ ಜಾಗ ಬಿಟ್ಟಿದ್ದೀನಿ.

ಪ್ರಶ್ನೆಗೆ ಉತ್ತರ: ಹೌದು, ಕೊಡ್ತಿದ್ದೀನಿ. ನನ್ನ ಪಾಲಿಗೆ ಬಂದದ್ದು. ಎರಡೂ ಅಟ್ಟದ ಮೇಲಿದ್ದವು. ಮೊನ್ನೆ ಇಳಿಸಿ ಮುಂದಿನ ಬಟ್ಟೆ ಬಿಚ್ಚಿ ನೋಡಿದೆ. ಒಳಗೆ ಅದುರೋ ಕಾಗದದ ಕೋನಿನ ಸುತ್ತ ಇರುವ ಫೋಮು ಬೆರಳು ತಾಗಿದರೆ ಬೂದಿ ಥರ ಉದುರ್ತದೆ. ನಿನಗೆ ಇದು ಗೊತ್ತಿರಕ್ಕಿಲ್ಲ. ನೀನು ಅದರ ಮುಂದೆ ಕೂತು ಕೇಳಿದವಳು, ಒಳಗೆ ನೋಡಿದವಳಲ್ಲ.

ನಾನು ಹತ್ತು ವರ್ಷದಿಂದ ಮೈಕ್‌ಸೆಟ್ ಹಾಕ್ತಿದ್ದೀನಿ. ಮದುವೆ, ತಿಥಿ, ಜಯಂತಿ, ಎಲೆಕ್ಷನ್ನು. ಬನ್ನೂರಿಂದ ಈಚೆಗೆ ನಾನು ವೈರ್ ಎಳೆಯದ ಬೀದಿ ಇಲ್ಲ. ನಿನಗೆ ಅದು ಗಲಾಟೆ, ಗೊತ್ತು. ದಿನವೆಲ್ಲ ಇದರ ವೈರು ಅದಕ್ಕೆ, ಅದರ ವೈರು ಇದಕ್ಕೆ ಅಂತ ಸಾಯೋನು, ಮನೆಗೆ ಬಂದು ಇನ್ನೊಂದು ಸಲ ಮಂಡಿ ಊರಿ ಅದನ್ನೇ ಮಾಡಬೇಕಾ?

ದಸರಾ ರಜದಲ್ಲಿ ನಿನ್ನ ಮನೆಗೆ ಬಂದಾಗ ಆಂಪ್ಲಿಫೈಯರ್ ನೋಡಿದೆ. ಅದರ ಮೇಲೆ ಕ್ರೋಶಾ ಬಟ್ಟೆ. ಕ್ರೋಶಾ ಮೇಲೆ ಮನಿಪ್ಲಾಂಟು. ನಾನು ಕೂತಿದ್ದ ಹಾಗೇ ನೀನು ಬಂದು ಅದಕ್ಕೆ ನೀರು ಹಾಕಿದೆ. ಕರೆಂಟಿನ ಪೆಟ್ಟಿಗೆ ಮೇಲೆ ನೀರು ಹಾಕೋರು ನನಗೆ ಅಪ್ಪನ ಸೆಟ್ಟಿನ ಮರ್ಯಾದೆ ಕಲಿಸ್ತಾರೆ.

ಹೊಸ ಸೆಟ್ಟಿಗೆ ಒಂದೇ ಬಟನ್ನು. ಅವ್ವನಿಗೂ ಒತ್ತಕ್ಕೆ ಬರ್ತದೆ. ಅದಕ್ಕೇ ತರ್ತಿರೋದು, ಲೈಟಿಗಲ್ಲ. ನಿನಗೆ ಸ್ಪೀಕರ್ ಅಷ್ಟು ಬೇಕಿದ್ದರೆ ಆಂಪ್ಲಿಫೈಯರ್ ತಗೊಂಡು ನೀನೇ ಬಾ. ಇಲ್ಲೇ ಜೋಡಿಸಿ ಕೊಡ್ತೀನಿ, ಇಲ್ಲೇ ಕೂತು ಕೇಳು. ಬರಲ್ಲ ನೀನು. ನಮ್ಮ ಮನೆ ಸೌಂಡು ನಿನಗೆ ಆಗಲ್ಲ. ಕುಕ್ಕರು, ಟಿ.ವಿ., ನನ್ನ ಹೆಂಡತಿ.

ಇಂತಿ ನಿನ್ನ ತಮ್ಮ
ಚಿಕ್ಕಸ್ವಾಮಿ


ನಂಜನಗೂಡು
8 ಫೆಬ್ರವರಿ 1998

ಚಿಕ್ಕಸ್ವಾಮಿಗೆ,

ಮನಿಪ್ಲಾಂಟನ್ನು ಎತ್ತಿ ಕಿಟಕಿಯಲ್ಲಿಟ್ಟಿದ್ದೇನೆ. ನಿನ್ನ ಪತ್ರದಲ್ಲಿ ನಾನು ಒಪ್ಪುವುದು ಅಷ್ಟೇ.

ಕೇಳದೆ ತೀರ್ಮಾನ ಮಾಡಿದೆ ಎಂದು ನೀನು ಹೇಳಬಾರದಲ್ಲ, ಅದಕ್ಕೆ ನಿನ್ನೆ ಶಾಲೆ ಬಿಟ್ಟ ಮೇಲೆ ಇಲ್ಲಿನ ಒಂದು ಅಂಗಡಿಗೆ ಹೋಗಿ ಆ ಡಬ್ಬವನ್ನು ನೋಡಿ ಬಂದೆ. ಮುಂಭಾಗವೆಲ್ಲ ಬೆಳ್ಳಿ ಬಣ್ಣ, ಎರಡು ಪಕ್ಕಕ್ಕೂ ಕಳಚಿ ಇಡಬಹುದಾದ ಸಣ್ಣ ಸ್ಪೀಕರು. ವಿಮಾನ ಓಡಿಸುವವನಿಗೂ ಬೇಡವಾಗುವಷ್ಟು ಗುಂಡಿಗಳು. ಮೂಲೆಯಲ್ಲಿ ಒಂದು ಚೀಟಿ ಅಂಟಿಸಿದ್ದಾರೆ. ಅಂಗಡಿಯವನು ಅದರ ಮೇಲೆ ಬೆರಳಿಟ್ಟು, “ಮೂರ್ ಸಾವ್ರ ವ್ಯಾಟು ಮೇಡಂ” ಎಂದ.

“ಮೂರು ಸಾವಿರ ವ್ಯಾಟಿಗೆ ಇಷ್ಟು ತೆಳು ವೈರೇ? ನಮ್ಮ ಮನೆಯ ಇಸ್ತ್ರಿಪೆಟ್ಟಿಗೆ ಏಳುನೂರೈವತ್ತು. ಅದರ ವೈರು ಇದರ ಎರಡರಷ್ಟು ದಪ್ಪ ಇದೆ.”

“ಅದು ಇಸ್ತ್ರಿ ವ್ಯಾಟು ಮೇಡಂ. ಇದು ಮ್ಯೂಸಿಕ್ ವ್ಯಾಟು.”

ವಿದ್ಯುತ್ ಮಂಡಳಿಯಲ್ಲಿ ಲೈನ್ ಇನ್‌ಸ್ಪೆಕ್ಟರ್ ಆಗಿದ್ದವರ ಮಗಳಿಗೆ ಅವನು ಇದನ್ನು ಹೇಳಿದ. ಆಮೇಲೆ ಒಂದು ಗುಂಡಿ ಒತ್ತಿದ. ಹಾಡುತ್ತಿದ್ದ ಹೆಂಗಸನ್ನು ಯಾರೋ ನೀರಿನ ತೊಟ್ಟಿಗೆ ಇಳಿಸಿ ಮೇಲೆ ಮುಚ್ಚಳ ಹಾಕಿದಂತಾಯಿತು. ಅದಕ್ಕೆ ಬಾಸ್ ಎನ್ನುತ್ತಾರಂತೆ. “ಎಲ್ರೂ ಇದನ್ನೇ ತಗೊಂಡೋಯ್ತಾವ್ರೆ. ನೀವೊಬ್ರೇ ಹಿಂದ್ಗಡೆ ವೈರ್ ನೋಡಿದ್ದು” ಎಂದ. ಅವನು ಬೈದದ್ದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಪಕ್ಕದಲ್ಲಿ ಹೆಮ್ಮರಗಾಲದ ಒಂದು ಜೋಡಿ ನಿಂತಿತ್ತು. ಗಂಡ ಲೈಟು ನೋಡಿಯೇ ಮುಗಿದುಹೋಗಿದ್ದ. ಹೆಂಡತಿ ಕೇಳಿದ್ದು ಒಂದೇ ಮಾತು: “ರೇಡಿಯೋ ಬತ್ತದಾ?” “ಬತ್ತದೆ ಕಣಕ್ಕ.” ಅಷ್ಟಕ್ಕೇ ವ್ಯಾಪಾರ ಮುಗಿಯಿತು. ಇಷ್ಟೆಲ್ಲ ಕೊಂಡು ಮನೆಗೆ ಒಯ್ದು ಅವಳು ರೇಡಿಯೋ ಕೇಳುತ್ತಾಳೆ.

ಈಗ ಅಪ್ಪ ತಮ್ಮ ಸೆಟ್ಟನ್ನು ಹೇಗೆ ಕೊಂಡರು ಎಂದು ನಿನಗೆ ಹೇಳಬೇಕು. ಆಗ ನೀನು ಹೈಸ್ಕೂಲಿನಲ್ಲಿದ್ದೆ, ಮನೆಯಲ್ಲಿ ಇರುತ್ತಿದ್ದದ್ದೇ ಕಡಿಮೆ. ನಾನು ನರಸೀಪುರದಲ್ಲೇ ಕೆಲಸಕ್ಕೆ ಸೇರಿದ್ದೆ. ಒಂದೊಂದಾಗಿ ತರೋಣ, ಒಂದೊಂದೂ ಒಳ್ಳೆಯದನ್ನೇ ತರೋಣ ಎಂದರು. 1981ರಲ್ಲಿ ಮೊದಲು ಬಂದದ್ದು ಆಂಪ್ಲಿಫೈಯರ್. ಸ್ಪೀಕರುಗಳು ಬರಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳೂ ಅಪ್ಪ ಸಂಜೆ ಆಫೀಸಿನಿಂದ ಬಂದು ಕೈಕಾಲು ತೊಳೆದು ಅದನ್ನು ಹಚ್ಚುತ್ತಿದ್ದರು. ಸಣ್ಣ ಕೆಂಪು ದೀಪ ಹತ್ತುತ್ತಿತ್ತು. ನಾವಿಬ್ಬರೂ ಅದರ ಮುಂದೆ ಕೂತಿರುತ್ತಿದ್ದೆವು. ಬೀದಿಯವರು ಬಾಗಿಲಲ್ಲಿ ಇಣುಕಿ, “ಏನ್ ಮರಿಯಣ್ಣ, ಎಲ್ಲಿ ಆಡು?” ಎಂದರೆ, “ಬತ್ತದೆ” ಎನ್ನುತ್ತಿದ್ದರು. ಅವರು ನಕ್ಕು ಹೋಗುತ್ತಿದ್ದರು. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಕಾಯುವ ಯೋಗ್ಯತೆ ಇಲ್ಲದವರಿಗೆ ಅಂಗಡಿಯವರು ಎಲ್ಲವನ್ನೂ ಒಂದೇ ಡಬ್ಬಕ್ಕೆ ತುಂಬಿ ಕೊಡುತ್ತಾರೆ.

ಅಪ್ಪನ ಹಟಕ್ಕೆ ಕಾರಣವಿತ್ತು, ನನಗೆ ಒಬ್ಬಳಿಗೇ ಹೇಳಿದ್ದರು. ಚಿಕ್ಕಂದಿನಲ್ಲಿ ಅವರ ಊರಿನಲ್ಲಿ ಗ್ರಾಮಫೋನ್ ಇದ್ದದ್ದು ಪಟೇಲರ ಮನೆಯಲ್ಲಿ ಮಾತ್ರ. ನಮ್ಮ ಕೇರಿಯವರು ಆ ಜಗಲಿ ಹತ್ತುವ ಹಾಗಿರಲಿಲ್ಲ. ಹಿಂದಿನ ಗೋಡೆಯ ಪಕ್ಕ, ಬಚ್ಚಲು ನೀರು ಹರಿಯುವ ಕಡೆ ನಿಂತು ಕೇಳುತ್ತಿದ್ದರಂತೆ. “ಗೋಡೆ ಆಚೆಯಿಂದ ಬಂದ ಆಡು ನಂಗೆ ಸಾಕವ್ವ. ನನ್ನ ಮನೇಲಿ ಅದರ ಎದುರಿಗೆ ಕೂತು ಕೇಳ್ಬೇಕು” ಎಂದಿದ್ದರು. ಸ್ಪೀಕರ್ ಬಂದ ದಿನ ದಾರ ಹಿಡಿದು ಎರಡರಿಂದಲೂ ಸಮ ದೂರ ಅಳೆದು, ನೆಲದ ಮೇಲೆ ಗುರುತು ಹಾಕಿ, ಅಲ್ಲಿ ತಮ್ಮ ಕುರ್ಚಿ ಇಟ್ಟರು. ನನಗೆ ಪಕ್ಕದಲ್ಲಿ ಚಾಪೆ. ಅಮ್ಮ ಅಡುಗೆಮನೆಯಿಂದ ಏನಾದರೂ ಕೇಳಲು ಬಂದರೆ, ನಡೆದ ಅದುರಿಗೆ ರೆಕಾರ್ಡಿನ ಮೇಲೆ ಸೂಜಿ ಹಾರುತ್ತದೆಂದು ಅಪ್ಪ ಕೈ ಎತ್ತುತ್ತಿದ್ದರು. ಅಮ್ಮ ಬಾಗಿಲಲ್ಲೇ ನಿಂತು ಹಿಂದಿರುಗುತ್ತಿದ್ದಳು. ಸಂಗೀತಕ್ಕೆ ಅಷ್ಟು ಗೌರವವಿದ್ದ ಮನೆ ಅದು. ಅದನ್ನು ನೀನು ಕುಣಿಯುವ ಲೈಟಿಗೆ ಬದಲಿಸಿಕೊಳ್ಳುತ್ತೀಯ.

ಸ್ಪೀಕರುಗಳನ್ನು ಕಳಿಸು. ಫೋಮಿನ ಚಿಂತೆ ನನಗಿರಲಿ.

ಇಂದ್ರಾಣಿ


ಟಿ. ನರಸೀಪುರ
27-2-98

ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು. ಎರಡು ಮದುವೆ ಇತ್ತು, ಆಮೇಲೆ ನಿನ್ನ ಕಾಗದವನ್ನ ಅವ್ವನಿಗೆ ಓದಿ ಹೇಳಿದೆ. ಅದಕ್ಕೂ ಎರಡು ದಿನ ಹಿಡಿಯಿತು. ನಡುನಡುವೆ ನಿಲ್ಲಿಸು ಅಂತಿದ್ದಳು.

ಹೋದ ವಾರ ಸ್ಪೀಕರ್ ಎರಡನ್ನೂ ಮೈಸೂರಿಗೆ ಹಾಕ್ಕೊಂಡು ಹೋದೆ. ಮೇಳದವನು ತಗೊಳ್ಳಲಿಲ್ಲ. “ಬರೀ ಬಾಯಿ ತಂದಿದ್ದೀರಲ್ಲ ಸಾ, ಒಟ್ಟೆ ಎಲ್ಲಿ? ಪೂರ್ತಿ ಸೆಟ್ ತನ್ನಿ” ಅಂದ. ಅಲ್ಲಿದ್ದೋರೆಲ್ಲ ನಕ್ಕರು. ರೆಕಾರ್ಡ್ ಪ್ಲೇಯರ್ ಅವರಿಗೆ ಬೇಡವಂತೆ, ಅದು ನಿನ್ನ ಹತ್ತಿರವೇ ಇರಲಿ. ಟೇಪ್ ಡೆಕ್ ಅವ್ವನ ಹತ್ತಿರ ಇದೆ, ಕೊಡ್ತಾಳೆ. ಆಂಪ್ಲಿಫೈಯರ್ ನೀನು ಕಳಿಸಬೇಕು. ನೀನು ನನ್ನ ಹತ್ತಿರ ಬೇಡ್ತಿದ್ದೆ, ಈಗ ನಾನು ನಿನ್ನ ಹತ್ತಿರ ಬೇಡ್ತಿದ್ದೀನಿ. ಸಂತೋಷಪಡು.

ಯಾಕೆ ಬೇಕು ಅಂತ ಈಗ ಹೇಳ್ತೀನಿ. ಮೊದಲೇ ಹೇಳಬೇಡ ಅಂದಿದ್ದಳು ಅವ್ವ.

ಅವ್ವನಿಗೆ ಒಂದು ರೇಡಿಯೋ ಇತ್ತು. ಮರದ ಪೆಟ್ಟಿಗೆಯದು. ನನಗೆ ಹೆಸರಿಟ್ಟ ದಿನ ಕಲ್ಲಯ್ಯ ಮಾವ ತಂಗಿಗೆ ಅಂತ ತಂದುಕೊಟ್ಟಿದ್ದು, ಆಲೆಮನೆಯಲ್ಲಿ ಎರಡು ವರ್ಷ ಬೆಲ್ಲ ಕಾಸಿ ಕೂಡಿಟ್ಟಿದ್ದರಲ್ಲಿ. ಅಡುಗೆಮನೆ ಗೂಡಿನಲ್ಲಿ ಇರುತ್ತಿತ್ತು. ಅವ್ವ ಬೆಳಿಗ್ಗೆ ಎದ್ದು ಒಲೆ ಹಚ್ಚೋಕೆ ಮುಂಚೆ ಅದನ್ನ ಹಚ್ತಿದ್ದಳು. ಒಂದು ಸಂಜೆ ನಾನು ಸ್ಕೂಲಿಂದ ಬಂದಾಗ ಗೂಡು ಖಾಲಿ. ಎಲ್ಲಿ ಅಂದೆ. “ಮೈಸೂರ್ಗೆ ಓಯ್ತು” ಅಂದಳು. ಅಪ್ಪ ಅದನ್ನ ಅಂಗಡಿಗೆ ಕೊಟ್ಟು ಆಂಪ್ಲಿಫೈಯರಿನ ಬೆಲೆ ಇಳಿಸಿಕೊಂಡಿದ್ದರು. ನೀನು ಹೇಳ್ತೀಯಲ್ಲ ಎಕ್ಸ್‌ಚೇಂಜು, ನಮ್ಮ ಮನೆಯಲ್ಲಿ ಅದನ್ನ ಶುರು ಮಾಡಿದ್ದು ನಾನಲ್ಲ.

ಅಪ್ಪನ ಸೆಟ್ಟಲ್ಲಿ ರೇಡಿಯೋ ಇರಲಿಲ್ಲ. ಬಿಡಿ ಸೆಟ್ಟಿಗೆ ರೇಡಿಯೋ ಬೇಕು ಅಂದರೆ ಟ್ಯೂನರ್ ಅಂತ ಇನ್ನೊಂದು ಪೆಟ್ಟಿಗೆ ತರಬೇಕು. ಅಪ್ಪ ಎಲ್ಲ ತಂದರು, ಅದೊಂದು ತರಲಿಲ್ಲ. ಅವ್ವ ಒಂದೇ ಸಲ ಕೇಳಿದಳು. “ರೇಡಿಯೋ ಬೀದಿ ಗಲಾಟೆ” ಅಂದರು.

ಅಪ್ಪ ಹೋದ ಮೇಲೆ ನಾನು ಒಂದು ಟ್ರಾನ್ಸಿಸ್ಟರ್ ತಂದುಕೊಟ್ಟೆ. ಮುಟ್ಟಲಿಲ್ಲ. “ನನ್ ರೇಡಿಯೋ ಕೊಟ್ಟು ಅದ ತಂದ್ರು. ಅದ ಕೊಟ್ಟು ನನ್ ರೇಡಿಯೋ ತತ್ತೀಯಾ, ತಾ. ಇಲ್ದಿದ್ರೆ ನಿನ್ನ ದಾನ ನಂಗೆ ಬ್ಯಾಡ” ಅಂದಳು. ಆ ಟ್ರಾನ್ಸಿಸ್ಟರ್ ಈಗ ನನ್ನ ಮೈಕ್‌ಸೆಟ್ ಅಂಗಡಿಯಲ್ಲಿದೆ, ಕ್ರಿಕೆಟ್ ಕೇಳ್ತೀನಿ.

ಇನ್ನೊಂದು. ಪಾಲಿನ ದಿನ ಮಾವ ರೇಡಿಯೋ ಯಾವುದು ಅಂತ ಯಾಕೆ ಕೇಳಿದರು? ಮುಳ್ಳು ಇದ್ದದ್ದನ್ನ ಎತ್ತಿ ತಂಗಿ ಮುಂದೇ ಯಾಕೆ ಇಟ್ಟರು? ಯೋಚನೆ ಮಾಡು. ನಿನಗೆ ಹೊಳೆಯದಿದ್ದರೆ ಸ್ಟಾಫ್ ರೂಮಿನವರನ್ನ ಕೇಳು, ನಕ್ಕೋರು ಅವರೂ ಇದ್ದಾರಲ್ಲ.

ಚಿಕ್ಕಸ್ವಾಮಿ


(ಪೋಸ್ಟ್ ಕಾರ್ಡ್)
12-3-98

ಅಕ್ಕ,

ಯುಗಾದಿಗೆ ಹದಿನಾರು ದಿನ. ನಿನ್ನಿಂದ ಉತ್ತರ ಇಲ್ಲ. ಟೀಚರಮ್ಮ ಏನಂದ್ಲು ಅಂತ ಅವ್ವ ದಿನಾ ಕೇಳ್ತಾಳೆ. ಕಾಗದ ಬರೆಯೋಕೆ ಒಳ್ಳೇ ಇಂಗ್ಲಿಷ್ ಪದ ಹುಡುಕ್ತಾವ್ಳೆ ಅಂತ ಹೇಳಿದ್ದೀನಿ.

ಚಿಕ್ಕ


ನಂಜನಗೂಡು
16 ಮಾರ್ಚ್ 1998

ಚಿಕ್ಕ,

ನಿನ್ನ ಪತ್ರಕ್ಕೆ ಉತ್ತರವಾಗಿ ಮೂರು ಪತ್ರ ಬರೆದು ಹರಿದೆ. ಮೊದಲನೆಯದರಲ್ಲಿ ಅಪ್ಪನ ಪರವಾಗಿ ವಾದ ಮಾಡಿದ್ದೆ. ಎರಡನೆಯದರಲ್ಲಿ ಅಪ್ಪನನ್ನು ಬೈದಿದ್ದೆ. ಎರಡೂ ನನಗೆ ಅನುಕೂಲವಾಗಿದ್ದವು, ಅದಕ್ಕೇ ಹರಿದೆ. ಮೂರನೆಯದು ಇದರ ಹಾಗೇ ಇತ್ತು, ಆದರೆ ಅದರಲ್ಲಿ ಒಂದು ವಾಕ್ಯ ಇರಲಿಲ್ಲ. ಅದನ್ನು ಈಗ ಬರೆಯುತ್ತೇನೆ.

ರೇಡಿಯೋವನ್ನು ಮೈಸೂರಿಗೆ ಒಯ್ದವಳು ನಾನು.

ಅಪ್ಪ ಜೊತೆಗಿದ್ದರು. ಆದರೆ ಬಸ್ಸಿನಲ್ಲಿ ಅದು ಇದ್ದದ್ದು ನನ್ನ ತೊಡೆಯ ಮೇಲೆ. ಗೂಡಿನಿಂದ ಇಳಿಸುವಾಗ ಅಪ್ಪ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. ಅವ್ವ ಏನು ಎಂದು ಕೇಳಿದಳು. ಗೊರಗೊರ ಅನ್ನುತ್ತಿದೆ, ರಿಪೇರಿಗೆ ಕೊಡುತ್ತೇವೆ ಎಂದು ನಾನು ಹೇಳಿದೆ. ಅಪ್ಪ ಹೇಳು ಎಂದಿರಲಿಲ್ಲ. ನಾನೇ ಹೇಳಿದೆ, ಅಷ್ಟು ಸಲೀಸಾಗಿ. ಅವ್ವ ಒಳಗೆ ಹೋಗಿ ತನ್ನ ಒಂದು ಹಳೆಯ ಸೀರೆ ತಂದಳು. ಪೆಟ್ಟಿಗೆಗೆ ಗೀರು ಬೀಳದಿರಲಿ ಎಂದು ತಾನೇ ಸುತ್ತಿ ಕೊಟ್ಟಳು.

ಸಂಜೆ ಆಂಪ್ಲಿಫೈಯರನ್ನು ಅದೇ ಸೀರೆಯಲ್ಲಿ ಸುತ್ತಿ ತಂದೆವು. ಅವ್ವ ಬಿಚ್ಚಿ ನೋಡಿದಳು. ಸೀರೆ ಒಗೆದು ಮಡಚಿಟ್ಟಳು. ರಿಪೇರಿಗೆ ಕೊಟ್ಟದ್ದು ಯಾವಾಗ ಬರುತ್ತದೆ ಎಂದು ಅಂದಿನಿಂದ ಇಂದಿನವರೆಗೆ ಒಂದು ಸಲವೂ ಕೇಳಲಿಲ್ಲ. ಕೇಳದ್ದಕ್ಕೆ, ಅವಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಓದಿದ ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ, ನಾನೇ ಕಲಿತದ್ದು. ಮಾವನನ್ನು ನೋಡಿ ನಕ್ಕದ್ದೂ ಅದೇ ಪಾಠದ ಮುಂದಿನ ಅಧ್ಯಾಯ. ತಂಗಿಗೆ ತಾನು ಕೊಟ್ಟದ್ದು ಆ ಚಾಪೆಯ ಮೇಲೆ ಎಲ್ಲೋ ಇದೆ ಎಂದು ಅವರು ಹುಡುಕುತ್ತಿದ್ದರು. ನಾನು ಅದನ್ನು ಜೋಕು ಮಾಡಿ ಟಿಫಿನ್ ಹೊತ್ತಿನಲ್ಲಿ ಹಂಚಿದೆ.

ಹೋದ ತಿಂಗಳು ನಿನಗೆ ಕುರ್ಚಿಯ ವಿಷಯ ಬರೆದಿದ್ದೆನಲ್ಲ, ಆ ಪತ್ರದ ಕರಡು ನನ್ನ ಹತ್ತಿರವೇ ಇದೆ. ಮತ್ತೆ ಓದಿದೆ. ಪಟೇಲರ ಗೋಡೆಯ ಆಚೆ ನಿಂತ ಅಪ್ಪನ ಬಗ್ಗೆ ನಾಲ್ಕು ಸಾಲು. ಅದರ ಕೆಳಗೇ, ನಮ್ಮ ಗೋಡೆಯ ಆಚೆ ನಿಂತ ಅವ್ವನ ಬಗ್ಗೆ ಎರಡು ಸಾಲು. ಎರಡನ್ನೂ ಒಂದೇ ಕೈಯಲ್ಲಿ ಬರೆದು, ಎರಡನೆಯದಕ್ಕೆ ಗೌರವ ಎಂದು ಹೆಸರಿಟ್ಟಿದ್ದೇನೆ. ನಮ್ಮ ಹತ್ತನೇ ತರಗತಿಯ ಮಕ್ಕಳು ಹೀಗೆ ಬರೆದಿದ್ದರೆ ನಾನು ಅಂಚಿನಲ್ಲಿ ಪ್ರಶ್ನೆಯ ಚಿಹ್ನೆ ಹಾಕುತ್ತಿದ್ದೆ.

ಇಷ್ಟಾದರೂ ನಿನ್ನ ಡಬ್ಬದ ಧ್ವನಿ ಕೆಟ್ಟದ್ದೇ. ಆ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ನಾನು ತಪ್ಪಿದ್ದೇನೆ ಎಂದ ಮಾತ್ರಕ್ಕೆ ಮ್ಯೂಸಿಕ್ ವ್ಯಾಟು ಎಂಬುದೊಂದು ಇದೆ ಎಂದಾಗುವುದಿಲ್ಲ.

ಬರುವ ಭಾನುವಾರ, 22ಕ್ಕೆ, ಸುತ್ತೂರಿನ ಮೇಲೆ ಬರುವ ಬೆಳಗಿನ ಬಸ್ಸಿಗೆ ಆಂಪ್ಲಿಫೈಯರ್ ತರುತ್ತೇನೆ. ಬಸ್‌ಸ್ಟ್ಯಾಂಡಿಗೆ ಬಾ, ಭಾರವಿದೆ. ಮೈಸೂರಿಗೆ ಒಯ್ಯುವ ಮೊದಲು ಒಂದು ಗಂಟೆ ಎಲ್ಲವನ್ನೂ ಜೋಡಿಸಿ ಕೊಡುತ್ತೀಯಾ? ಅವ್ವನನ್ನು ಒಂದು ಸಲ ಆ ಕುರ್ಚಿಯಲ್ಲಿ ಕೂರಿಸಬೇಕು. ಇದು ನನ್ನ ಸಮಾಧಾನಕ್ಕೆ, ಅವಳ ಸಮಾಧಾನಕ್ಕಲ್ಲ. ಅಷ್ಟು ನನಗೆ ಗೊತ್ತಿದೆ. ಆದರೂ ಕೇಳುತ್ತಿದ್ದೇನೆ. ಆ ಫೋಮಿಗೆ ನೀನು ಏನಾದರೂ ಮಾಡಬಲ್ಲೆ ಎಂದುಕೊಂಡಿದ್ದೇನೆ. ಒಳಗೆ ನೋಡಿದವನು ನೀನು.

ಇಂದ್ರಾಣಿ


ಟಿ. ನರಸೀಪುರ
19-4-98

ಅಕ್ಕನಿಗೆ,

ಇದು ಅವ್ವ ಬರೆಸ್ತಿರೋದು. ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು ಅಂತ ಪಕ್ಕದಲ್ಲೇ ಕೂತಿದ್ದಾಳೆ. ನನಗೆ ಬೈದದ್ದನ್ನೂ ಬಿಟ್ಟಿಲ್ಲ. ತಿದ್ದಬೇಡ. ಚಿಕ್ಕ.

ಇಂದ್ರಿ,

ನಾನು ನಿಮ್ಮವ್ವ. ಚಂದಾಗಿವ್ನಿ. ಮಂಡಿನೋವು ಇದ್ದಂಗೇ ಅದೆ.

ಸೆಟ್ಟು ಯುಗಾದಿಗೆ ಒಂದಿನ ಮುಂಚೆ ಬಂತು. ನಿನ್ ತಮ್ಮ ತಂದು ನಡುಮನೇಲಿ ನಿಮ್ಮಪ್ಪ ಇಡ್ತಿದ್ ಜಾಗದಲ್ಲೇ ಇಟ್ಟ. ಅದರ ಬಾಯಿ ಎರಡ್ನೂ ಆ ಕಡೀಕೊಂದು ಈ ಕಡೀಕೊಂದು ಮಡಗ್ದ. ನಾನಂದೆ, ಲೇ, ನಿಮ್ಮಪ್ಪಂಗಿದ್ದ ಉಚ್ಚು ನಿಂಗೂ ಅಂಟ್ಕೊಂತಾ, ಎತ್ಕಂಡೋಗಿ ಅಡ್ಗೆಮನೇಲಿಡು ಅಂತ. ಗೂಡ್ನಾಗೆ ಇಡಿಸ್ಲಿಲ್ಲ, ಅಗಲ ಅದೆ. ಅಕ್ಕಿ ಡಬ್ಬದ ಪಕ್ಕ ಇಡಿಸ್ದೆ. ಬಾಯಿ ಎರಡ್ನೂ ಒಂದರ ಮ್ಯಾಲೊಂದು ಪೇರ್ಸಿಟ್ಟಿವ್ನಿ. ನೀನು ನೋಡುದ್ರೆ ಮೂಗು ಮುರೀತೀಯ. ಮುರ್ಕೊ. ಲೈಟು ಕಣ್ಣಿಗೆ ಒಡೀತದೆ, ಅದ್ಕೆ ಅದರ ಮುಂದೆ ಒಂದು ಟವಲ್ ಇಳಿಬಿಟ್ಟಿವ್ನಿ. ಇದಕ್ಕೆ ಇವ್ನು ಮೈಸೂರ್ಗೆ ಎರಡೆರಡ್ ಸಲ ಓಗ್ಬಂದ.

ಮೊನ್ನೆ ಕಲ್ಲಯ್ಯಣ್ಣ ಬಂದಿತ್ತು. ನೋಡ್ತು, ನೋಡ್ತು. ಇದ್ರಲ್ಲಿ ರೇಡಿಯೋ ಯಾವ್ದವ್ವ ಅಂತು. ಎಲ್ಲಾ ಇದರೊಳ್ಗೇ ಅದಂತೆ ಕಣಣ್ಣ ಅಂದೆ. ಅಂಗಾದ್ರೆ ಇದ ಪಾಲು ಮಾಡಕ್ಕಾಗಕ್ಕಿಲ್ಲ ಬುಡು ಅಂತು. ಕಾಪಿ ಕುಡಿದು ಓಯ್ತು. ನೀನು ಕಣ್ಣಿನ ಡಾಕ್ಟ್ರತ್ರ ಅದ ಕರ್ಕಂಡೋಗಿದ್ದಂತೆ. ಬಿಸ್ಲಲ್ಲಿ ಕೈ ಇಡ್ಕಂಡು ರೋಡು ದಾಟಿಸ್ದಂತೆ. ಏಳ್ತು.

ನೀನು ಅವತ್ತು ನನ್ನ ಕುರ್ಚಿ ಮ್ಯಾಲೆ ಕೂರ್ಸಿದ್ದೆ. ಇವ್ನು ಹಳೇ ಛತ್ರಿ ಬಟ್ಟೆ ಕತ್ರಿಸಿ ಅಂಟಿಸಿ ಆ ಪೆಟ್ಗೆ ರಿಪೇರಿ ಮಾಡಿದ್ದ. ಇಬ್ರೂ ನಿಂತ್ಕಂಡು ನನ್ ಮಕ ನೋಡ್ತಿದ್ರಿ, ಎಣ್ಣು ನೋಡಕ್ಕೆ ಬಂದೋರಂಗೆ. ಹೆಂಗವ್ವ ಅದೆ ಅಂದೆ ನೀನು. ಈಗ ಏಳ್ತೀನಿ. ಗೋಡೆ ಆಚೆನೂ ಅಂಗೇ ಕೇಳ್ತಿತ್ತು. ಹದಿನೈದು ವರ್ಷ ಕೇಳಿವ್ನಿ. ಯಾವ್ ಆಡಾದ ಮ್ಯಾಲೆ ಯಾವ್ದು ಬತ್ತದೆ, ಯಾವ್ ತಟ್ಟೇಲಿ ಎಲ್ಲಿ ಗೀರು ಬಿದ್ದದೆ, ಎಲ್ಲಾ ಗೊತ್ತು ನಂಗೆ. ಒಳಗೆ ಕುಂತಿದ್ದೋರು ನೀವಿಬ್ರು. ಕೇಳ್ದೋರು ನೀವಿಬ್ರೇ ಅನ್ಕಂಡಿದ್ರಿ.

ನಿನ್ ಕಾಗ್ದವ ಇವ್ನು ಓದಿ ಏಳ್ದ. ರಿಪೇರಿಗೆ ಅಂತ ಸುಳ್ಳೇಳ್ದೆ ಅಂತ ಬರ್ದಿದ್ದೀಯ. ನಂಗೆ ಅವತ್ತೇ ಗೊತ್ತಿತ್ತು. ಅದು ಗೊರಗೊರ ಅಂತಿರ್ಲಿಲ್ಲ, ಬೆಳಿಗ್ಗೆ ನಾನು ಕೇಳಿದ್ನಲ್ಲ. ಗೊತ್ತಿದ್ದೇ ಸೀರೆ ಸುತ್ತಿಕೊಟ್ಟೆ. ಯಾಕೆ ಅಂತ ಕೇಳ್ಬೇಡ. ನೀನು ಓದಿದ್ದೋಳು, ನಿಮ್ಮಪ್ಪ ಆಫೀಸಿಗೆ ಓಗೋರು, ಅದು ಏನೋ ದೊಡ್ಡದು ತರಕ್ಕೆ ಓಯ್ತಾವ್ರೆ ಅಂತ ನಾನೂ ಅನ್ಕಂಡಿದ್ದೆ. ಬಂತು. ಅದರ ಮುಂದೆ ನಂಗೆ ಜಾಗ ಇರ್ಲಿಲ್ಲ.

ಈಗ ನೀವಿಬ್ರೂ ಎರಡ್ ತಿಂಗ್ಳು ಕಾಗ್ದದಲ್ಲಿ ಕಿತ್ತಾಡುದ್ರಲ್ಲ, ಯಾವ್ ಸೆಟ್ ಒಳ್ಳೇದು, ಯಾವ್ದು ಕೆಟ್ಟದ್ದು ಅಂತ. ನನ್ನ ಒಬ್ಬರಾದ್ರೂ ಕೇಳುದ್ರಾ? ಕೇಳಿದ್ರೆ ಏಳ್ತಿದ್ದೆ. ನಿಮ್ಮಪ್ಪನ್ದೇ ಚಂದಾಗಿತ್ತು. ಆಡೋರು ಇಲ್ಲೇ ಕುಂತು ಆಡ್ದಂಗಿರ್ತಿತ್ತು. ಇದು ತಗಡು. ಡಬ್ಬದೊಳಗೆ ಕುಂತು ಮಾತಾಡ್ದಂಗದೆ. ಇದನ್ನ ಬರಿ ಕಣ್ಲಾ ಚಿಕ್ಕ, ಬುಡ್ಬೇಡ.

ಆ ಸೀರೆ ಇಲ್ಲೇ ಬುಟ್ಟೋಗಿದ್ದೀಯ. ಆಂಪ್ಲಿಫಯರ್‌ಗೆ ಸುತ್ಕಂಬಂದಿದ್ದು. ಅದ ಇಲ್ಲಿಂದ ಎತ್ಕಂಡೋಗಿ ಅಷ್ಟು ದಿನ ನೀನು ಮಡಗಿದ್ದೆ ಅಂತ ನಂಗೆ ಗೊತ್ತಿರ್ಲಿಲ್ಲ. ಒಗ್ದು ಮಡ್ಚಿವ್ನಿ. ಬಂದಾಗ ತಕ್ಕಂಡೋಗು, ಇಲ್ಲಾಂದ್ರೆ ಇಲ್ಲೇ ಇರ್ಲಿ.

ಬರ್ಬೇಕಾದ್ರೆ ಬೆಳಿಗ್ಗೆನೇ ಬಾ. ನಾನು ಆರ್ ಗಂಟೆಗೆ ರೇಡಿಯೋ ಹಾಕ್ತೀನಿ. ಇವನೆಂಡ್ತಿ ಸೌಂಡು ಸಣ್ಣಕ್ಕಿಡಿ ಅಂತಾಳೆ, ಇಡಕ್ಕಿಲ್ಲ. ಚಂದಾಗಿಲ್ಲ ಕಣ್ಮಗ ಇದು. ಆದ್ರೆ ನಂದು. ಸಾಕು ಅನ್ಸಿದಾಗ ನಾನೇ ಆರಿಸ್ತೀನಿ.

ಮಾದಮ್ಮ